ಲ್ಯಾಪ್‌ಟಾಪ್ ಎದ್ದ ಮೇಲೆ ಕಿಟಕಿ ತೆರೆಯದಿದ್ದರೆ ಫಾರ್ಮ್ಯಾಟ್ ಬೇಡ

ಮಾನ್ಯ ಸಂಪಾದಕರೇ,

ಉಬುಂಟು, ಮಿಂಟ್‌ನಂಥ ಲಿನಕ್ಸ್ ಬಳಸುವ ಮುಂಬೈ ಕನ್ನಡಿಗರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಡೊಂಬಿವಲಿಯ ಮನೆಯಲ್ಲಿ ಮುಚ್ಚಿದ ಲ್ಯಾಪ್‌ಟಾಪನ್ನು ಲೋಕಲ್ ಇಳಿದು ಆಫೀಸಿನ ವೈಫೈಯಲ್ಲಿ ತೆರೆದರೆ ಕೆಲವೊಮ್ಮೆ ಹಳೆಯ ಕಿಟಕಿಗಳೆಲ್ಲ ಸರಿಯಾಗಿರುತ್ತವೆ, ಹೊಸದೊಂದೂ ತೆರೆಯುವುದಿಲ್ಲ. ಮೊದಲೇ ತೆರೆದಿದ್ದ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪಿಸುವ ಕಿಟಕಿ) ‘ಕೆನಾಟ್ ಓಪನ್ ಡಿಸ್‌ಪ್ಲೇ :0’ ಎಂದು ಬರುತ್ತದೆ. ಇದಕ್ಕೆ ಫಾರ್ಮ್ಯಾಟ್ ಮಾಡಿಸುವುದು ದುಡ್ಡು ದಂಡ.

ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ‘ಎಕ್ಸ್ ಸರ್ವರ್’ ಎಂಬ ಪ್ರೋಗ್ರಾಂ 128 ಬಿಟ್‌ನ ಗುಟ್ಟಿನ ಕೀಲಿಯೊಂದನ್ನು ಇಟ್ಟುಕೊಂಡು, ಅದನ್ನು ತೋರಿಸಿದ ಪ್ರೋಗ್ರಾಮನ್ನಷ್ಟೇ ಒಳಗೆ ಬಿಡುತ್ತದೆ. ಕೀಲಿಯ ಪ್ರತಿ ಸಾಮಾನ್ಯವಾಗಿ ಹೋಮ್ ಫೋಲ್ಡರಿನ ‘.ಎಕ್ಸ್‌ಅಥಾರಿಟಿ’ (.Xauthority) ಕಡತದಲ್ಲಿ, ಯಂತ್ರದ ಹೆಸರಿನಡಿ ಇರುತ್ತದೆ. ಯಂತ್ರಕ್ಕೆ ಸ್ಥಿರ ಹೆಸರು ಕೊಡದಿದ್ದರೆ ಹೊಸ ನೆಟ್‌ವರ್ಕಿನ ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ತನ್ನದೇ ಹೆಸರು ಇಟ್ಟುಬಿಡಬಹುದು. ಆಗ ಕೀಲಿ ಹಳೆಯ ಹೆಸರಿನಡಿ ಉಳಿಯುತ್ತದೆ, ಪ್ರೋಗ್ರಾಂ ಹೊಸ ಹೆಸರಿನಡಿ ಹುಡುಕುತ್ತದೆ.

ಟರ್ಮಿನಲ್ಲೂ ತೆರೆಯದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಲಾಗಿನ್ ಆಗಿ. ‘ಹೋಸ್ಟ್‌ನೇಮ್’ (hostname) ಎಂದು ಕೊಟ್ಟು ಈಗಿನ ಹೆಸರು ನೋಡಿ. ‘ಎಕ್ಸ್‌ಆಥ್ ಲಿಸ್ಟ್’ (xauth list) ಕೊಟ್ಟರೆ ‘/ಯುನಿಕ್ಸ್:0’ (/unix:0) ಎಂಬುದರ ಹಿಂದೆ ಹಳೆಯ ಹೆಸರು ಕಾಣುತ್ತದೆ. ಎರಡೂ ಬೇರೆಯಾಗಿದ್ದರೆ ಕಾರಣ ಸಿಕ್ಕಿತು. ‘ಸುಡೊ ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್’ (sudo hostnamectl set-hostname) ಮುಂದೆ ಆ ಹಳೆಯ ಹೆಸರನ್ನೇ ಟೈಪಿಸಿ ಎಂಟರ್ ಒತ್ತಿ. ಲಾಗೌಟ್ ಕೂಡ ಬೇಕಿಲ್ಲ, ಮೊದಲಿನ ಪರದೆಗೆ ಮರಳಿದರೆ ಕಿಟಕಿಗಳು ತೆರೆಯುತ್ತವೆ. ಹೀಗೆ ಕೊಟ್ಟದ್ದು ಸ್ಥಿರ ಹೆಸರಾದ್ದರಿಂದ ನಾಳೆ ಇನ್ನೊಂದು ವೈಫೈ ಅದನ್ನು ಸುಲಭಕ್ಕೆ ಬದಲಿಸಲಾರದು. ಮತ್ತೂ ಬದಲಾದರೆ ನೆಟ್‌ವರ್ಕ್‌ಮ್ಯಾನೇಜರ್‌ನ (ವೈಫೈ ಜೋಡಿಸುವ ಪ್ರೋಗ್ರಾಂ) ಕಾನ್ಫಿಗ್ ಕಡತದಲ್ಲಿ ‘ಮೇನ್’ ([main]) ಭಾಗದ ಕೆಳಗೆ ‘ಹೋಸ್ಟ್‌ನೇಮ್-ಮೋಡ್=ನನ್’ (hostname-mode=none) ಎಂದು ಸೇರಿಸಿ.

ಹೆಸರು ಒಂದೇ ಇದ್ದರೆ ‘.ಎಕ್ಸ್‌ಅಥಾರಿಟಿ’ ಕಡತದ ಒಡೆತನ ನೋಡಿ. ಸುಡೊ ಹಾಕಿ ಗ್ರಾಫಿಕಲ್ ಪ್ರೋಗ್ರಾಂ ಓಡಿಸಿದವರಲ್ಲಿ ಅದು ‘ರೂಟ್’ ಎಂಬ ನಿರ್ವಾಹಕ ಖಾತೆಯ ಪಾಲಾಗಿರುವುದುಂಟು. ‘ಚೋನ್’ (chown) ಆಜ್ಞೆಯಿಂದ ವಾಪಸ್ ಪಡೆಯಬೇಕು.

ದಯವಿಟ್ಟು ಎರಡು ಕೆಲಸ ಮಾಡಬೇಡಿ. ಕಡತವನ್ನೇ ಅಳಿಸಿದರೆ ಇದ್ದ ಕೀಲಿಯೂ ಹೋಗಿ, ಮತ್ತೆ ಲಾಗಿನ್ ಆಗುವ ತನಕ ದಾರಿ ಇರುವುದಿಲ್ಲ. ಇನ್ನು ಅನೇಕರು ಹೇಳಿಕೊಡುವ, ಕೀಲಿಯಿಲ್ಲದೆ ಎಲ್ಲರನ್ನೂ ಒಳಗೆ ಬಿಡುವ ‘ಎಕ್ಸ್‌ಹೋಸ್ಟ್ +’ (xhost +) ಆಜ್ಞೆ. ಕೀಲಿ ಸಿಗದಾಗ ಸರ್ವರ್ ಎಕ್ಸ್‌ಹೋಸ್ಟನ್ನೂ ಒಳಗೆ ಬಿಡುವುದಿಲ್ಲ, ಹಾಗಾಗಿ ಅದು ಆ ಹೊತ್ತಿಗೆ ಕೆಲಸಕ್ಕೇ ಬಾರದು. ಮುಂಜಾಗ್ರತೆಯೆಂದು ಮೊದಲೇ ಕೊಟ್ಟಿಟ್ಟರೋ, ಕಾವಲೇ ಹೋಯಿತು: ಅದೇ ಯಂತ್ರದ ಇನ್ನೊಂದು ಖಾತೆಯವರು ನೀವು ಒತ್ತುವ ಪಾಸ್‌ವರ್ಡನ್ನೂ ಓದಬಹುದು. ಮನೆಮಂದಿಯೆಲ್ಲ ಒಂದೇ ಲ್ಯಾಪ್‌ಟಾಪ್ ಹಂಚಿಕೊಳ್ಳುವ ನಮ್ಮ ಚಿಕ್ಕ ಫ್ಲ್ಯಾಟುಗಳಲ್ಲಿ ಇದನ್ನು ಹಗುರವಾಗಿ ಕಾಣಬಾರದು.

— ಓರ್ವ ಲಿನಕ್ಸ್ ಬಳಕೆದಾರ, ಡೊಂಬಿವಲಿ ಪೂರ್ವ