ಹೆಬ್ಬೆರಳಿನ ಗಿಟಾರ್

ಮಾನ್ಯ ಸಂಪಾದಕರೇ,

‘ವಯಸ್ಸು ಇಪ್ಪತ್ತು ದಾಟಿತು, ಇನ್ನೇನು ಸಂಗೀತ ಕಲಿಯೋದು’ ಅನ್ನುವವರು ನಮ್ಮಲ್ಲಿ ಜಾಸ್ತಿ. ಅವರಿಗೆಲ್ಲ ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಅವರ ಬದುಕು ಗೊತ್ತಾಗಬೇಕು. 1923ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಅವರು ಆರು ತಂತಿಯ ಗಿಟಾರ್ ಕೈಗೆತ್ತಿಕೊಂಡಿದ್ದು ಇಪ್ಪತ್ತರ ಆಸುಪಾಸಿನಲ್ಲಿ. ಗುರು ಇರಲಿಲ್ಲ, ನೊಟೇಶನ್ (ಸ್ವರಲಿಪಿ) ಓದಲು ಬರುತ್ತಿರಲಿಲ್ಲ. ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ರೆಕಾರ್ಡ್ ಕೇಳಿ ಕೇಳಿಯೇ ಕಲಿತರು.

ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ವಾದನ. ಸಾಕಬೇಕಾದ ಮಕ್ಕಳು ಏಳು ಜನ. ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಿಟ್ಟು ಹೆಬ್ಬೆರಳಲ್ಲೇ ಮೀಟತೊಡಗಿದರು ಅಂತಾರೆ. ಆ ಮೆತ್ತನೆಯ ನಾದವೇ ಅವರ ಗುರುತಾಯಿತು. ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಮೀಟುತ್ತಾ ಅವರು ನುಡಿಸುವುದನ್ನು ಒಮ್ಮೆ ಕೇಳಿ. ಇಬ್ಬರು ಕೂತು ನುಡಿಸಿದ ಹಾಗಿರುತ್ತದೆ!

1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಇದನ್ನು ಕೇಳಿ ಬೆರಗಾಗಿ ರಿವರ್‌ಸೈಡ್ ರೆಕಾರ್ಡ್ ಕಂಪನಿಗೆ ತಿಳಿಸಿದರು. ಆಗ ವೆಸ್‌ಗೆ 36. ಆಮೇಲೆ ಸಿಕ್ಕಿದ್ದು ಒಂಬತ್ತೇ ವರ್ಷ. 1968ರಲ್ಲಿ ಹೃದಯಾಘಾತ ಅವರನ್ನು ಕರೆದೊಯ್ದಿತು.

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಥ ವಾದಕರ ಬಗ್ಗೆಯೂ ತಿಂಗಳಿಗೊಂದು ಲೇಖನ ಬರಲಿ. ಗಿಟಾರ್ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ಕಾದು ಓದುತ್ತಾರೆ.

– ಓದುಗ, ಧಾರವಾಡ