ಮಗಳಿಗೊಂದು ಪತ್ರ: ಒಂಬತ್ತನೇ ಕ್ಲಾಸಿಗೆ ಯಾವ ವಿಷಯ?

ಪ್ರೀತಿಯ ಮಗಳಿಗೆ ಅವ್ವ ಮಾಡುವ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಒಂಬತ್ತನೇ ಕ್ಲಾಸಿನಲ್ಲಿ ಮೂರನೇ ಭಾಷೆಯ ಬದಲು ಐಟಿ ಇಲ್ಲವೇ ಆಟೋಮೊಬೈಲ್ ತಗೋಬಹುದು, ಗೆಳತಿಯರೆಲ್ಲ ಐಟಿಗೆ ಹೆಸರು ಕೊಡುತ್ತಿದ್ದಾರೆ, ಕಾಕಾ ಮಾತ್ರ "ಸುಮ್ಮನೆ ಹಿಂದಿ ಇಟ್ಟುಕೋ, ಆಟೋಮೊಬೈಲ್ ಗಂಡುಹುಡುಗರ ವಿಷಯ" ಅಂದರು ಅಂತ. ಅಷ್ಟರಲ್ಲಿ ನನ್ನ ಊಟದ ಬಿಡುವು ಮುಗಿದು ಬೆಲ್ ಹೊಡೆಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ಅಪ್ಪನಿಗೂ ಓದಿ ಹೇಳು.

ನನ್ನ ಮನಸ್ಸಿನಲ್ಲಿ ಇರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಆಟೋಮೊಬೈಲ್ ತಗೋಬೇಕು ಅಂತ ನನ್ನ ಆಸೆ.

ಯಾಕೆ ಅಂತ ತಿಳಿಯಬೇಕಾದರೆ ನಮ್ಮ ಗಾರ್ಮೆಂಟ್ಸ್ ಹೇಗೆ ನಡೆಯುತ್ತದೆ ಅನ್ನೋದು ನಿನಗೆ ಗೊತ್ತಾಗಬೇಕು. ಒಂದು ಲೈನಿನಲ್ಲಿ ಸಾಲಾಗಿ ಮಷಿನ್, ಮಷಿನ್ ಮುಂದೆ ನಾವು ಆಪರೇಟರ್‌ಗಳು. ಒಬ್ಬಳು ಕಾಲರ್, ಇನ್ನೊಬ್ಬಳು ತೋಳು, ಮತ್ತೊಬ್ಬಳು ಸೈಡ್ ಸೀಮ್. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ನಡುವೆ ಒಂದು ಮಷಿನ್ ಹೊಲಿಗೆ ಬಿಡಲು ಶುರುಮಾಡಿತು ಅಂದರೆ ಕೈ ಎತ್ತಿ ಮೆಕ್ಯಾನಿಕ್‌ನನ್ನು ಕರೆಯಬೇಕು. ಅವನು ಬರುವವರೆಗೆ ಆ ಮಷಿನ್ ನಿಂತಿರುತ್ತದೆ, ಹಿಂದಿನವಳ ಪೀಸ್ ರಾಶಿ ಬೀಳುತ್ತದೆ, ಮುಂದಿನವಳ ಕೈ ಖಾಲಿ. ಟಾರ್ಗೆಟ್ ಮಾತ್ರ ಯಾರಿಗೂ ಕಾಯುವುದಿಲ್ಲ. ಮೆಕ್ಯಾನಿಕ್ ಬಂದು ಪ್ಲೇಟ್ ಬಿಚ್ಚಿ, ಸೂಜಿ ಕೆಳಗಿನಿಂದ ಮೇಲೇಳುವಾಗ ಅಡಿಯಲ್ಲಿ ತಿರುಗುವ ಹುಕ್ಕಿನ ಮೊನೆ ಎಲ್ಲಿ ಬರುತ್ತದೆ ಅಂತ ನೋಡುತ್ತಾನೆ. ಸೂಜಿ ಎರಡು ಮಿಲಿಮೀಟರಿನಷ್ಟು ಮೇಲೆದ್ದಾಗ ದಾರ ಸಣ್ಣ ಕುಣಿಕೆಯಾಗುತ್ತದೆ. ಸರಿಯಾಗಿ ಆಗಲೇ ಹುಕ್ಕು ಬಂದು ಅದನ್ನು ಹಿಡಿಯಬೇಕು. ಸ್ವಲ್ಪ ಹಿಂದುಮುಂದಾದರೂ ಹೊಲಿಗೆ ತಪ್ಪಿತು. ಅವನು ಸ್ಕ್ರೂ ಸಡಿಲಿಸಿ, ತುಸು ತಿರುಗಿಸಿ, ಬಿಗಿ ಮಾಡಿ ಹೋಗುತ್ತಾನೆ. ಟೈಮಿಂಗ್ ಸರಿಮಾಡಿದೆ ಅನ್ನುತ್ತಾನೆ.

ಲೈನಿನಲ್ಲಿ ಕೂತವರು ಹೆಚ್ಚಿನವರು ಹೆಂಗಸರು. ಸ್ಪ್ಯಾನರ್ ಹಿಡಿದು ಬರುವವರು ಗಂಡಸರು. ದಿನವಿಡೀ ಆ ಮಷಿನಿನ ಮೇಲೆ ಕೈಯಿಟ್ಟು ಕೂರುವ ನಮಗೆ ಅದರ ಸದ್ದು ಬದಲಾದರೆ ಮೊದಲು ಗೊತ್ತಾಗುತ್ತದೆ, ಆದರೂ ಬಿಚ್ಚುವ ಅಧಿಕಾರ ನಮಗಿಲ್ಲ. ಬುದ್ಧಿ ಸಾಲದೆ ಹೀಗಾಗಿದ್ದಲ್ಲ. ಆ ಪ್ಲೇಟಿನ ಕೆಳಗೆ ಏನಿದೆ ಅಂತ ಹುಡುಗಿಯರಾಗಿದ್ದಾಗ ನಮಗೆ ಯಾರೂ ತೋರಿಸಲಿಲ್ಲ. ನಿನಗೆ ತೋರಿಸುತ್ತೇವೆ ಅಂತ ಶಾಲೆಯೇ ಕರೆಯುತ್ತಿದೆ ಮಗಳೇ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುವುದು.

ಎಂಜಿನ್ನಿನಲ್ಲೂ ಟೈಮಿಂಗ್ ಅಂತ ಇದೆ. ಪಿಸ್ಟನ್ ಯಾವಾಗ ಮೇಲೆ ಬರಬೇಕು, ವಾಲ್ವ್ ಯಾವಾಗ ತೆರೆಯಬೇಕು ಅನ್ನುವ ಲೆಕ್ಕ. ಅದನ್ನು ಒಮ್ಮೆ ಕಣ್ಣಾರೆ ನೋಡಿ ಅರ್ಥ ಮಾಡಿಕೊಂಡವಳು ಹೊಲಿಗೆ ಮಷಿನ್, ಬೋರ್‌ವೆಲ್ ಪಂಪು, ಅಪ್ಪ ಬಾಡಿಗೆಗೆ ತರುವ ಟ್ರ್ಯಾಕ್ಟರು, ಯಾವುದರ ಮುಂದೆಯೂ ಹೆದರಿ ನಿಲ್ಲುವುದಿಲ್ಲ. ಈಗಂತೂ ನಮ್ಮ ಮಷಿನ್‌ಗಳಿಗೆ ಹಳೆಯ ಕ್ಲಚ್ ಮೋಟರ್ ಹೋಗಿ ಸರ್ವೋ ಮೋಟರ್ ಬಂದಿದೆ. ತೊಂದರೆಯಾದರೆ ಪುಟ್ಟ ಪರದೆಯ ಮೇಲೆ ಎರರ್ ನಂಬರ್ ಬರುತ್ತದೆ. ಸ್ಕೂಟರ್‌ಗಳೂ ಬ್ಯಾಟರಿಗೆ ತಿರುಗುತ್ತಿವೆ. ಸ್ಪ್ಯಾನರ್ ಜೊತೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿಯಲು ಬರುವವರಿಗೇ ಮುಂದೆ ಕೆಲಸ.

ಕಾಕಾ ಹೇಳುವುದು ನಿನ್ನ ಮೇಲಿನ ಕಾಳಜಿಯಿಂದಲೇ, ಬೇಜಾರು ಮಾಡಿಕೋಬೇಡ. ಹಿಂದಿ ಬಿಟ್ಟರೆ ಮುಂದೆ ಓದು ನಿಂತುಹೋಗುತ್ತದೆ ಅನ್ನುವುದು ಅವರ ಭಯ. ಹಾಗೇನಿಲ್ಲ. ಆಟೋಮೊಬೈಲೂ ಎಸ್ಸೆಸ್ಸೆಲ್ಸಿಯಲ್ಲಿ ಬೋರ್ಡ್ ಪರೀಕ್ಷೆಯ ವಿಷಯವೇ, ಬರೆಯುವುದರ ಜೊತೆಗೆ ಪ್ರಾಯೋಗಿಕವೂ ಇರುತ್ತದೆ. ಪಿಯುಸಿಗೆ ವಿಜ್ಞಾನ ತಗೊಳ್ಳಬೇಕು ಅಂದರೆ ಇದು ಅಡ್ಡ ಬರುವುದಿಲ್ಲ. ಡಿಪ್ಲೊಮಾ ಸೀಟಿಗೆ ನೋಡುವುದು ಗಣಿತ, ವಿಜ್ಞಾನದ ಅಂಕ. ಐಟಿಐ ಸೇರಿದರೂ ದಾರಿ ಅಲ್ಲಿಗೇ ಮುಗಿಯುವುದಿಲ್ಲ, ಎರಡು ವರ್ಷದ ಟ್ರೇಡ್ ಮುಗಿಸಿದವರು ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋಗಬಹುದು, ಡಿಪ್ಲೊಮಾದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ನಮ್ಮ ರಾಣೆಬೆನ್ನೂರಿನ ಪಕ್ಕ ಹರಿಹರದಲ್ಲೇ ಜಿಟಿಟಿಸಿ ಅಂತ ಸರ್ಕಾರದ ತರಬೇತಿ ಕೇಂದ್ರ ಇದೆ, ಟೂಲ್ ಅಂಡ್ ಡೈ, ಅಂದರೆ ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವುದನ್ನು ಕಲಿಸುತ್ತಾರೆ. ಬಿಡದಿಯಲ್ಲಿ ಟೊಯೋಟಾದವರು 2007ರಿಂದ ತರಬೇತಿ ಸಂಸ್ಥೆ ನಡೆಸುತ್ತಿದ್ದಾರೆ, ಹಳ್ಳಿಯ ಬಡಮನೆಯ ಮಕ್ಕಳಿಗೆ ಅಂತ. ಅಲ್ಲಿಗೆ ಈಗ ಹೆಣ್ಣುಮಕ್ಕಳನ್ನೂ ತಗೊಳ್ಳುತ್ತಾರೆ. ಇದನ್ನು ಕಾಕಾಗೆ ತಪ್ಪದೆ ಹೇಳು.

ಹಿಂದಿ ಮಾತಾಡಲು ಬೇಕು ಅನ್ನಿಸಿದರೆ ಆಮೇಲೂ ಕಲಿಯಬಹುದು. ಬಿಹಾರ, ಒಡಿಶಾದ ಹುಡುಗಿಯರ ಜೊತೆ ಕೂತು ನಾನು ಇಲ್ಲೇ ಕಲಿತಿದ್ದೇನೆ.

ಐಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಟೈಪಿಂಗ್, ಸ್ಪ್ರೆಡ್‌ಶೀಟ್ ಯಾವ ಕೆಲಸಕ್ಕೂ ಬೇಕು. ನಿನಗೆ ಕಂಪ್ಯೂಟರ್ ಮುಂದೆ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ ಅಂದರೆ ಅದನ್ನೇ ತಗೋ, ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಕಳೆದ ದೀಪಾವಳಿಗೆ ಬಂದಾಗ ನಾನು ನೋಡಿದ್ದು ಬೇರೆ. ಅಜ್ಜಿಯ ಮಿಕ್ಸರ್ ಬಿಚ್ಚಿ ಕೂತವಳು ನೀನು, ಸವೆದ ಕಾರ್ಬನ್ ಬ್ರಷ್ ತೆಗೆದು ನನ್ನ ಕೈಗಿಟ್ಟು "ಇದೇ ನೋಡವ್ವಾ" ಅಂದೆಯಲ್ಲ. ಗೆಳತಿಯರೆಲ್ಲ ಒಂದು ಕಡೆ ಅಂತ ಅದನ್ನು ಬಿಡಬೇಡ. ಬೇರೆ ಪಿರಿಯಡ್‌ಗಳಲ್ಲೆಲ್ಲ ಅವರ ಜೊತೆಗೇ ಇರುತ್ತೀ.

ಇನ್ನೊಂದು ಮಾತು. ಹೆಸರು ಕೊಡುವ ಮೊದಲು ಲ್ಯಾಬ್ ನೋಡು. ಕೆಲವು ಕಡೆ ಸಾಮಾನು ಬಂದಿರುತ್ತದೆ, ಬೀಗ ತೆಗೆದಿರುವುದಿಲ್ಲ. ಕಲಿಸುವವರು ಗುತ್ತಿಗೆಯ ಮೇಲೆ ತಡವಾಗಿ ಬಂದರೆ ಅರ್ಧ ವರ್ಷ ಹಾಗೇ ಹೋಗುತ್ತದೆ. ಈಗ ಹತ್ತನೇ ಕ್ಲಾಸಿನಲ್ಲಿರುವ ಅಕ್ಕಂದಿರು, ಅಣ್ಣಂದಿರನ್ನು ಕೇಳು: ಎಂಜಿನ್ ನೀವೇ ಬಿಚ್ಚಿ ಜೋಡಿಸಿದ್ದೀರಾ, ಗ್ಯಾರೇಜಿಗೆ ಕರೆದುಕೊಂಡು ಹೋಗಿದ್ದಾರಾ, ಇಲ್ಲಾ ಬರೀ ನೋಟ್ಸ್ ಬರೆಸಿದ್ದಾರಾ ಅಂತ. ಬರೀ ನೋಟ್ಸ್ ಅಂದರೆ ನನಗೆ ಹೇಳು, ಅಪ್ಪ ಮತ್ತು ನಾಲ್ಕು ಮನೆಯವರು ಸೇರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಲಿ. ಅದು ನಿಮ್ಮ ಪಾಲಿನದು, ಕೇಳುವುದರಲ್ಲಿ ತಪ್ಪಿಲ್ಲ. ಹುಡುಗಿಯರನ್ನು ಹಿಂದೆ ನಿಲ್ಲಿಸಿ ಹುಡುಗರ ಕೈಗೇ ಸ್ಪ್ಯಾನರ್ ಕೊಡುತ್ತಾರಾ ಅಂತಲೂ ವಿಚಾರಿಸು. ಹಾಗಿದ್ದರೆ ನೀನು ಮೊದಲ ದಿನವೇ ಮುಂದೆ ಹೋಗಿ ನಿಲ್ಲು. ಜಡೆ ಎತ್ತಿ ಕಟ್ಟಿಕೋ, ವೇಲ್ ಬಿಚ್ಚಿಟ್ಟು ಹೋಗು, ತಿರುಗುವ ಬೆಲ್ಟಿನ ಹತ್ತಿರ ಅದು ಅಪಾಯ.

ಭಾನುವಾರ ನನಗೆ ರಜೆ. ಅಷ್ಟರೊಳಗೆ ಲ್ಯಾಬ್ ನೋಡಿಕೊಂಡು ಬಂದು ಫೋನ್ ಮಾಡು, ಏನೇನು ಸಾಮಾನಿದೆ ಅಂತ ಒಂದೊಂದಾಗಿ ಹೇಳಬೇಕು. ಫಾರ್ಮಿಗೆ ಅಪ್ಪನ ಸಹಿ ಸಾಕು, ನಾನು ಬರುವವರೆಗೆ ಕಾಯಬೇಡ.

ಇಂತಿ ನಿನ್ನ
ಅವ್ವ