ಸನ್ಮಾನದ ಶಾಲಿಗಿಂತ ಮೊದಲು ಟ್ರ್ಯಾಕ್ಟರ್ ಬರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಬೀದರ್ ಜಿಲ್ಲೆಯ ಅಲ್ಲಲ್ಲಿ ಕಲ್ಯಾಣಿ, ಮೆಟ್ಟಿಲು ಬಾವಿಗಳ ಹೂಳೆತ್ತುವ ಶ್ರಮದಾನ ಶುರುವಾಗುತ್ತದೆ. ಮೊದಲ ಭಾನುವಾರ ನಲವತ್ತು ಮಂದಿ ಇದ್ದರೆ ನಾಲ್ಕನೆಯ ಭಾನುವಾರಕ್ಕೆ ಎಂಟು ಉಳಿದಿರುತ್ತಾರೆ. ಆಗ ಸಂಘಟಕರಿಗೆ ಹೊಳೆಯುವ ಮದ್ದು ಒಂದೇ, ಸನ್ಮಾನ ಸಮಾರಂಭ. ವೇದಿಕೆ ಏರುವವರು ಬಹುಪಾಲು ಬಾವಿಯ ಕಟ್ಟೆ ಮೇಲೆ ನಿಂತವರು. ಕೆಳಗೆ ರಾಡಿಯಲ್ಲಿ ನಿಂತವರ ಹೆಸರನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಮಂದಿ ಬಿಟ್ಟು ಹೋಗುವುದು ಶಾಲು ಸಿಗಲಿಲ್ಲವೆಂದಲ್ಲ. ಎತ್ತಿದ ಹೂಳನ್ನು ದಡದಲ್ಲೇ ಸುರಿದಿರುತ್ತಾರೆ. ಮೊದಲ ಅಡ್ಡಮಳೆಗೆ ಅದು ಮತ್ತೆ ಬಾವಿಗೇ ಇಳಿಯುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಎರಡನೆಯ ಸಲ ಸಲಿಕೆ ಹಿಡಿಯುವುದಿಲ್ಲ. ಹಾಗಾಗಿ ಟ್ರ್ಯಾಕ್ಟರ್ ಗೊತ್ತು ಮಾಡದೆ ದಿನ ಗೊತ್ತು ಮಾಡಬೇಡಿ. ಗಾಜು, ಪ್ಲಾಸ್ಟಿಕ್ ಆರಿಸಿ ತೆಗೆದರೆ ಹೂಳನ್ನು ಹೊಲಕ್ಕೆ ಒಯ್ಯಲು ರೈತರೂ ಮುಂದಾಗುತ್ತಾರೆ.

ಮೂವತ್ತು ಮಂದಿಗೆ ಮೂರು ಸಲಿಕೆ ಕೊಟ್ಟರೆ ಇಪ್ಪತ್ತು ಮಂದಿ ಮೊಬೈಲ್ ನೋಡುತ್ತ ನಿಲ್ಲುತ್ತಾರೆ. ಕೆಲಸವಿಲ್ಲದೆ ನಿಂತವರೂ ಮುಂದಿನ ವಾರ ಬರುವುದಿಲ್ಲ. 6 ಸಲಿಕೆ, 3 ಗುದ್ದಲಿ, 20 ಬುಟ್ಟಿ ಬೇಕು. ಒಂಬತ್ತು ಮಂದಿ ತಳದಲ್ಲಿ ಅಗೆದು ತುಂಬಲಿ, ಉಳಿದವರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಲಿ. ಹಸಿ ಹೂಳು ಬಲು ಭಾರ, ಬುಟ್ಟಿ ಅರ್ಧವಷ್ಟೇ ತುಂಬಬೇಕು. 20 ನಿಮಿಷಕ್ಕೊಮ್ಮೆ ತಳದವರು ಮೇಲೆ ಬರಲಿ, ಮೇಲಿನವರು ಇಳಿಯಲಿ, ಮುಖಂಡರೂ ಸೇರಿ. ಬೆಳಿಗ್ಗೆ 6ಕ್ಕೆ ಶುರು, 8.30ಕ್ಕೆ ಮುಕ್ತಾಯ. ಅತಿಥಿಗಾಗಿ ಕಾದರೆ ಬಿಸಿಲು ಕಾಯುವುದಿಲ್ಲ.

ಮೆಟ್ಟಿಲಿಲ್ಲದ ಆಳದ ಬಾವಿಗೆ, ನೌಬಾದಿನ ಕರೇಜಿನಂಥ, ನೆಲದಡಿ ನೀರು ಹರಿಸುವ ಬಹಮನಿ ಕಾಲದ ಸುರಂಗಕ್ಕೆ ಸ್ವಯಂಸೇವಕರನ್ನು ಇಳಿಸಲೇಬಾರದು. ಕೊಳೆತ ಹೂಳು ಕೆದಕಿದರೆ ವಿಷಾನಿಲ ಏಳುತ್ತದೆ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯನ್ನು ನಂಬುವಂತಿಲ್ಲ.

ಇನ್ನು ಗೌರವದ ಮಾತು. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು: ದಿನಾಂಕ, ಹೆಸರು, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ. ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಎರಡು ವರ್ಷಕ್ಕೆ 240 ಗಂಟೆ ಸೇವೆ ತೋರಿಸಬೇಕು. ಅವರಿಗೆ ಹೆಸರಿನ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿಸಿದ ಪ್ರಶಸ್ತಿಪತ್ರಕ್ಕಿಂತ ಈ ಪುಟದ ನಕಲೇ ಉಪಯೋಗ. ಕೆಲಸ ಮುಗಿದು ಸುಸಲಾ, ಚಹಾ ಹಂಚುವಾಗ ಅಂದಿನ ಪುಟವನ್ನು ಗಟ್ಟಿಯಾಗಿ ಓದಿ. ‘ಎಲ್ಲರಿಗೂ ಧನ್ಯವಾದ’ ಅಂದರೆ ಯಾರಿಗೂ ತಟ್ಟದು. ‘ಮೂರನೆಯ ಮೆಟ್ಟಿಲ ಸಂದಿಯ ಅರಳಿ ಬೇರು ಕಿತ್ತವರು ಇವರು’ ಅಂದರೆ ಎಲ್ಲರೂ ತಿರುಗಿ ನೋಡುತ್ತಾರೆ. ದಿನಕ್ಕಿಷ್ಟು ಅಂತ ಕೈಗೆ ದುಡ್ಡು ಕೊಡಬೇಡಿ. ಕೊಟ್ಟರೆ ಅದು ಕೂಲಿಯಾಗುತ್ತದೆ, ಅದೂ ಕಡಿಮೆ ಕೂಲಿ. ಮಳೆಗಾಲ ಮುಗಿದ ಮೇಲೆ ನೀರು ಎಷ್ಟನೆಯ ಮೆಟ್ಟಿಲಿಗೆ ಬಂದಿದೆ ಎಂಬ ಫೋಟೊವನ್ನು ನೋಟ್‌ಬುಕ್ಕಿನಲ್ಲಿರುವ ಪ್ರತಿಯೊಬ್ಬರಿಗೂ ಕಳಿಸಿ.

ಸ್ಥಳೀಯ ಸಂಸ್ಥೆಗಳು ಈ ಬೇಸಿಗೆಯ ಶಾಮಿಯಾನ, ಹಾರ-ತುರಾಯಿಗೆ ತೆಗೆದಿಡುವ ಹಣವನ್ನು ಮೊದಲು ಟ್ರ್ಯಾಕ್ಟರ್ ಬಾಡಿಗೆಗೆ, ಬುಟ್ಟಿ-ಸಲಿಕೆಗೆ ಕೊಡಲಿ.

– ಶ್ರಮದಾನದ ಸ್ವಯಂಸೇವಕರು, ಬೀದರ್